ಹೊಚಗೊಳ್ಳಾಕ ಬರದ ಕೌದಿ

ಬಾರ್ನ್ ಕ್ವಿಲ್ಟ್ ಅಂದ್ರ ಏನಂತ ನಮ್ಮ ಧಾರವಾಡದಾಗ ಯಾರಿಗರ ಹೇಳಬೇಕಾದ್ರ ನಾ ಸೀದಾ ಕೌದಿಯಿಂದನ ಶುರು ಮಾಡ್ತೀನಿ. ಹಳೀ ಇಳಕಲ್ ಸೀರಿ, ಖಣದ ತುಂಡು, ಅಜ್ಜನ ಧೋತರ ಎಲ್ಲಾ ಕೂಡಿಸಿ ಹೊಲೀತಾರಲ್ಲ, ಅಂಥಾ ಚೌಕ ತ್ರಿಕೋನ ಕಟಗಿ ಹಲಗಿ ಮ್ಯಾಲೆ ಪೇಂಟಿನಾಗ ಬಿಡಿಸಿದ್ರ ಆತು ನೋಡ್ರಿ. ಅಮೆರಿಕಾದ ಓಹಾಯೋ ರಾಜ್ಯದ ಆಡಮ್ಸ್ ಕೌಂಟಿಯೊಳಗ ಡೋನಾ ಸ್ಯೂ ಗ್ರೋವ್ಸ್ ಅನ್ನೋರು ಕ್ವಿಲ್ಟ್ ಹೊಲಿಯೋ ತಮ್ಮ ಅವ್ವನ ಸಲುವಾಗಿ ಕೊಟ್ಟಿಗಿ ಮ್ಯಾಲೆ ಇಂಥಾದೊಂದು ಬಿಡಿಸಬೇಕಂತ ಮನಸ್ಸು ಮಾಡಿದ್ರು, ಅದು ಬೆಳದು ಊರ ಮಂದಿ ಕೆಲಸ ಆಗಿ 2001ರಾಗ ಮೊದಲನೇದು ಏರಿತು, ಈಗ ಇವನ್ನ ನೋಡ್ಕೋತ ಕಾರಿನಾಗ ಅಡ್ಡಾಡೋ ರೂಟ್‌ಗಳ ಅದಾವ. ಅಲ್ಲಿ ಕೊಟ್ಟಿಗಿ ಭಾಳ ದೊಡ್ಡೂ, ಅದಕ್ಕ 8 ಫೂಟಿಗೆ 8 ಫೂಟ್ ಹಲಗಿ. ನನ್ನ ಬಾಡಿಗಿ ಮನಿಗೆ 1 ಫೂಟ್ ಸಾಕು.

ಬಡಿಗ್ಯಾರ ಕಡೆ ಕೇಳಿದ್ರ ಉಳದ ಪ್ಲೈವುಡ್ ತುಂಡು ಸಿಗ್ತಾವ. ಕಟಗಿ ಪುಡಿ ಒತ್ತಿ ಮಾಡಿದ ಎಮ್‌ಡಿಎಫ್ ಹಲಗಿ ಬ್ಯಾಡ, ನೀರು ತಾಗಿದ್ರ ಉಬ್ಬತೈತಿ. ಹಲಗಿ ಚೌಕ ಐತೋ ಇಲ್ಲೋ ಅಂತ ಮೂಲಿಯಿಂದ ಮೂಲಿಗೆ ಎರಡೂ ಕಡೆ ಅಳೀರಿ, 12 ಇಂಚಿನ ಹಲಗಿಗೆ ಎರಡೂ 17ಕ್ಕ ಚೂರು ಕಮ್ಮಿ ಬರಬೇಕು. ಪಾಲಿಶ್ ಪೇಪರ್ ತಿಕ್ಕಿ ಎರಡು ಕೋಟ್ ಪ್ರೈಮರ್.

ನನಗ ಸೇರೋ ಡಿಸೈನ್ ಓಹಾಯೋ ಸ್ಟಾರ್. 4 ಇಂಚಿನ ಒಂಬತ್ತು ಮನಿ ಹಾಕ್ರಿ, ನಾಕು ಮೂಲಿ ಮತ್ತ ನಡುವಿಂದು ಹಂಗ ಬಿಟ್ಟು ಉಳದ ನಾಕಕ್ಕೂ ಮೂಲಿಯಿಂದ ಮೂಲಿಗೆ ಎರಡೆರಡು ಗೆರಿ ಎಳದ್ರ 16 ತ್ರಿಕೋನ, ಅದರಾಗ 8 ನಕ್ಷತ್ರದ ಚುಂಚು.

ಖರೆ ಮಜಾ ಇರೋದು ಮಾಸ್ಕಿಂಗ್ ಟೇಪಿನಾಗ. ಟೇಪ್ ಹಚ್ಚಿ ಅಂಚನ್ನ ಹಳೇ ಎಟಿಎಂ ಕಾರ್ಡಿಲೆ ಗಟ್ಟಿ ತಿಕ್ಕಬೇಕು, ಆಮ್ಯಾಲೆ ಹೊಸಾ ಬಣ್ಣ ಹಚ್ಚೋಕಿಂತ ಮೊದಲ ಕೆಳಗ ಯಾವ ಬಣ್ಣ ಐತಿ ಅದನ್ನ ಟೇಪಿನ ಅಂಚಿಗೆ ಒಂದ ಗೆರಿ ಎಳೀಬೇಕು, ಯಾಕಂದ್ರ ಸೋರೋದು ಏನಿದ್ರೂ ಅದ ಬಣ್ಣ ಸೋರತೈತಿ, ಕಾಣೂದ ಇಲ್ಲ, ಸಂದಿನೂ ಮುಚ್ಚತೈತಿ. ಅದು ಒಣಗಿದ ಮ್ಯಾಲೆ ಹೊಸಾ ಬಣ್ಣ. ಅದಿನ್ನೂ ಹಸಿ ಇರೋವಾಗ ಟೇಪ್ ಹಿಂದಕ್ಕ ಮಡಚಿ ಸಾವಕಾಶ ಎಬ್ಬಿಸಿದ್ರ ಗೆರಿ ಬ್ಲೇಡಿಲೆ ಕೊಯ್ದಂಗ ಬರ್ತೈತಿ, ಆ ಒಂದು ಕ್ಷಣಕ್ಕ ನಾ ಇಷ್ಟೆಲ್ಲಾ ಮಾಡ್ತೀನೋ ಏನೋ! ಬಾಜೂ ಬಾಜೂ ತ್ರಿಕೋನ ಒಂದ ದಿನ ಮುಗಸ್ತೀನಿ ಅನಬ್ಯಾಡ್ರಿ, ಶ್ರಾವಣದ ಜಿಟಿಜಿಟಿ ಮಳ್ಯಾಗಂತೂ ಬಣ್ಣ ಒಣಗಾಕ ಒಲ್ಲೆ ಅಂತೈತಿ.

ಬಣ್ಣ ಮೂರು, ಒಂದು ಬಿಳಿ, ಸಾಕು. ಕೌದಿಗೆ ಎಲ್ಲಾ ಬಣ್ಣ ಚಂದ, ಆದ್ರ ಒಂದು ಫೂಟಿನ ಹಲಗಿಗೆ ಅಷ್ಟು ತುಂಬಿದ್ರ ಗದ್ದಲ. ಫೋನಿನಾಗ ಫೋಟೋ ತಗದು ಬ್ಲ್ಯಾಕ್ ಆಂಡ್ ವೈಟ್ ಮಾಡಿ ನೋಡ್ರಿ, ಕೆಂಪು ಹಸರು ಎರಡೂ ಒಂದ ಬೂದಿ ಬಣ್ಣ ಕಂಡ್ರ ದೂರಿಂದ ನಕ್ಷತ್ರ ಎದ್ದು ಕಾಣಂಗಿಲ್ಲ, ಒಂದನ್ನ ಬದಲಿ ಮಾಡ್ರಿ.

ನಮ್ಮವ್ವ ಮಾತ್ರ "ಹೊಚಗೊಳ್ಳಾಕ ಬರಂಗಿಲ್ಲ, ಹಾಸಾಕ ಬರಂಗಿಲ್ಲ, ಇದ್ಯಾವ ಕೌದಿ ಮಾರಾಯ್ತಿ" ಅಂತಾಳ. ಅಕಿ ಮಾತಿಗೇ ಈಗ ನವಲಗುಂದ ಜಮಖಾನದ ಡಿಸೈನ್ ಹಲಗಿಗೆ ಇಳಸಾಕ ಕುಂತೀನಿ. ಕಸೂತಿದು ಮಾತ್ರ ಕೇಳಬ್ಯಾಡ್ರಿ, ಮುರಗಿ ಹೊಲಿಗಿಯ ಮೆಟ್ಟಿಲ ಮೆಟ್ಟಿಲಕ್ಕೂ ಟೇಪ್ ಕತ್ತರಸ್ಕೋತ ಕುಂತ್ರ ದೀಪಾವಳಿ ಬರ್ತೈತಿ.

ಹೊರಗ ಹಾಕೋರು ವಾಟರ್‌ಪ್ರೂಫ್ ಪ್ಲೈ ತಗೋರಿ, ಹಿಂದಿನ ಮೈ, ನಾಕೂ ಅಂಚು ಮರೀದ ಪ್ರೈಮರ್ ಹಚ್ಚರಿ, ಪ್ಲೈ ನೀರು ಕುಡಿಯೋದ ಅಂಚಿನಿಂದ. ಬಾಜೂ ಮನಿ ಕಾಕುಗೂ ಒಂದು ಬೇಕಂತ, ಆದ್ರ ನಡುವಿನ ಮನ್ಯಾಗ ಮನಿ ನಂಬರ್ ಬರೀಬೇಕಂತ. ನಂಬರ್ ಬರದ್ರ ಡಿಸೈನ್ ಕೆಡ್ತೈತ್ರಿ ಕಾಕು ಅಂದೆ. "ಕೊರಿಯರ್ ಹುಡುಗ ನಕ್ಷತ್ರ ನೋಡಿ ಮನಿ ಹುಡಕ್ತಾನೇನವಾ?" ಅಂದ್ರು. ಕರೀ ಪೇಂಟ್ ತರಬೇಕೀಗ.