ಐದಾರು ನಿಮಿಷ ಹಾರೋದಕ್ಕ ಇಡೀ ದಿನ ಯಾಕ?

ಅಕ್ಕಲಕೋಟೆ ಕಡೆಯ ನಮ್ಮೂರಿಗೆ ಹೋದಾಗಲೆಲ್ಲ ಕಾಕಾ, ಮಾಮಾ, ಓಣಿಯ ಹುಡುಗರು ಎಲ್ಲರೂ ಕೇಳುವುದು ಒಂದೇ: "ಇಂಜಿನ್ ಇಲ್ಲದ ವಿಮಾನ, ಐದಾರು ನಿಮಿಷಕ್ಕ ಕೆಳಗ ಬರ್ತದಂತ. ಅಷ್ಟಕ್ಕ ಈ ಥಂಡ್ಯಾಗ ಹೋಗಿ ಇಡೀ ದಿನ ಅಲ್ಲೇನ ಮಾಡ್ತಿ?"

ಅಲ್ಲಿ ಅಂದರೆ ಪುಣೆಯ ಹಡಪಸರ. ಸೊಲ್ಲಾಪುರ ರಸ್ತೆ ಹಿಡಿದು ಹೋದರೆ ಪುಣೆ ಪೇಟೆಗಿಂತ ಮೊದಲೇ ಸಿಗುತ್ತದೆ. ಇಂಜಿನ್ ಇಲ್ಲದ ಆ ವಿಮಾನ, ಅಂದರೆ ಗ್ಲೈಡರ್, ಹಾರಿಸುವುದನ್ನು ನಾನು ಕಲಿಯುವ ಗ್ಲೈಡಿಂಗ್ ಸೆಂಟರ್ ಇರುವುದು ಅಲ್ಲೇ.

ಐದಾರು ನಿಮಿಷ ಅನ್ನುವುದು ಮುಂಜಾನೆಯ ಮಟ್ಟಿಗೆ ನಿಜ. ಮೈದಾನದ ಆ ತುದಿಯಲ್ಲಿರುವ ವಿಂಚ್ ಎಂಬ ಯಂತ್ರ ಕೇಬಲ್ ಸುತ್ತಿಕೊಳ್ಳುತ್ತ ಗ್ಲೈಡರನ್ನು ಸುಮಾರು 300 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಕೇಬಲ್ ಬಿಟ್ಟ ಮೇಲೆ ಅದು ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ ವೇಗದಲ್ಲಿ ಇಳಿಯುತ್ತ ಬರುತ್ತದೆ. ಲೆಕ್ಕ ನೀವೇ ಹಾಕಿ.

ಆದರೆ ಕಲಿಯುವವರಿಗೆ ಈ ಗಳಿಗೆಯೇ ಬೇಕು. ಚಳಿಗಾಲದ ನಿಚ್ಚಳ ರಾತ್ರಿಯಲ್ಲಿ ನೆಲ ಆರಿ, ತಣ್ಣನೆ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಂತುಬಿಡುತ್ತದೆ. ಹೀಗಾಗಿ ಗಾಳಿ ಕಲಕುವುದಿಲ್ಲ. ಕಾಕ್‌ಪಿಟ್ ಗಾಜಿನ ಮೇಲೊಂದು ಉಣ್ಣೆ ಎಳೆ ಅಂಟಿಸಿರುತ್ತಾರೆ. ಕೈ ಕಾಲು ಹೊಂದಿಕೊಂಡು ಕೆಲಸ ಮಾಡದಿದ್ದರೆ ಅದು ಪಕ್ಕಕ್ಕೆ ವಾಲುತ್ತದೆ. ಬೇಸಿಗೆಯ ಮಧ್ಯಾಹ್ನ ಗ್ಲೈಡರ್ ಅಲುಗಿದರೆ ನಾನು ಅಲುಗಿಸಿದೆನೋ ಗಾಳಿಯೋ ತಿಳಿಯದು. ಈಗ ಹಾಗಲ್ಲ, ಕಾಣುವುದೆಲ್ಲ ನಮ್ಮ ಕೈಯದೇ.

ಇನ್ನು ಉಳಿದ ಹೊತ್ತು. ಗ್ಲೈಡರ್ ಒಬ್ಬರಿಂದ ಏಳುವುದಿಲ್ಲ. ಮೊದಲು ಅದರ ಮೈಯೆಲ್ಲ ಮುಟ್ಟಿ ನೋಡಿ ಪರೀಕ್ಷಿಸಬೇಕು, ದೂಡಿಕೊಂಡು ಬಂದು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಹೊಟ್ಟೆಯ ಕೆಳಗಿನ ಗಾಲಿಯ ಮೇಲೆ ತಾನಾಗಿ ನೇರ ನಿಲ್ಲದು, ಒಬ್ಬರು ರೆಕ್ಕೆಯ ತುದಿ ಹಿಡಿದು ಜೊತೆಗೆ ಓಡಬೇಕು. ಒಬ್ಬರು ಕೇಬಲ್ ಕೊಕ್ಕೆ ಹಾಕಬೇಕು, ಒಬ್ಬರು ವಿಂಚಿನವರಿಗೆ ಸನ್ನೆ ಕೊಡಬೇಕು. ಆಕಾಶದ ಮೇಲೆ ಸದಾ ಒಂದು ಕಣ್ಣಿರಬೇಕು, ಏಕೆಂದರೆ ಇಳಿಯಲು ಬಂದ ಗ್ಲೈಡರ್ ಇನ್ನೊಂದು ಸುತ್ತು ಹೊಡೆದು ಬರುತ್ತೇನೆ ಅನ್ನುವಂತಿಲ್ಲ. ನನ್ನ ಐದು ನಿಮಿಷಕ್ಕೆ ಇಷ್ಟು ಜನ ದುಡಿದಿರುತ್ತಾರೆ, ಅವರವರ ಪಾಳಿಗೆ ನಾನು ದುಡಿಯಬೇಡವೇ? ನಮ್ಮಲ್ಲಿ ರಾಶಿ ಮಾಡುವಾಗ ಮುಯ್ಯಾಳು ಕೂಡಿದ ಹಾಗೆ. ಹಾರಾಟದಷ್ಟೇ ಇದೂ ನನಗೆ ಪ್ರೀತಿ.

ಬಿಸಿಲು ಬಲಿತ ಮೇಲೆ ಆಟವೇ ಬೇರೆ. ನೆಲ ಕಾದು ಬಿಸಿಗಾಳಿ ಕಂಬದಂತೆ ಏಳತೊಡಗುತ್ತದೆ, ಅದನ್ನೇ ಥರ್ಮಲ್ ಅನ್ನುವುದು. ಹಸಿರು ಜೋಳ ನಿಂತ ಹೊಲ ತಡವಾಗಿ ಕಾಯುತ್ತದೆ. ಬೆಳೆ ತೆಗೆದ ಒಣ ಹೊಲ, ಕಲ್ಲುಗುಡ್ಡ, ತಗಡಿನ ಮಾಡು ಬೇಗ. ನೆಲದ ಈ ಗುಣ ಹೊಲದವರಿಗೆ ಹೇಳಿಕೊಡಬೇಕಿಲ್ಲ. ಚಳಿಗಾಲದ ಗಾಳಿ ಒಣದು, ಥರ್ಮಲ್ ಮೇಲೆ ಮೋಡ ಕಟ್ಟದೆಯೂ ಇರಬಹುದು. ಆಗ ಹದ್ದುಗಳನ್ನು ನೋಡಬೇಕು. ರೆಕ್ಕೆ ಬಡಿಯದೆ ಸುತ್ತುತ್ತ ಅವು ಏರುತ್ತಿದ್ದರೆ ಅಲ್ಲಿ ಗಾಳಿ ಮೇಲೇಳುತ್ತಿದೆ ಎಂದೇ ಅರ್ಥ. ಅದರೊಳಗೆ ಮೊದಲೇ ಒಂದು ಗ್ಲೈಡರ್ ಇದ್ದರೆ ಅದು ತಿರುಗುವ ದಿಕ್ಕಿಗೇ ನಾವೂ ತಿರುಗಬೇಕು, ಇದು ಎಲ್ಲರೂ ಪಾಲಿಸುವ ನಿಯಮ. ಸಿಕ್ಕಿತೆಂದರೆ ಆ ಐದಾರು ನಿಮಿಷ ಅರ್ಧ ತಾಸಾಗುತ್ತದೆ, ಒಮ್ಮೊಮ್ಮೆ ಇನ್ನೂ ಹೆಚ್ಚು.

ಅವ್ವ ಕೇಳುವುದು ಮಾತ್ರ ಬೇರೆ: "ಏರೂ ಮುಂದ ಆ ಕೇಬಲ್ ಹರದ್ರ?" ಹರಿಯುವುದುಂಟು, ಅದಕ್ಕೇ ಅದರ ಅಭ್ಯಾಸವೂ ಇದೆ. ಹಿಂದೆ ಕೂತ ಗುರುಗಳು ಹೇಳದೆ ಕೇಳದೆ ಅರ್ಧ ದಾರಿಯಲ್ಲೇ ಕೇಬಲ್ ಬಿಟ್ಟುಬಿಡುತ್ತಾರೆ. ಮೊದಲು ಮೂತಿ ಕೆಳಗೆ ಮಾಡಿ ವೇಗ ಕಾಯ್ದುಕೊಳ್ಳಬೇಕು. ಮುಂದೆ ಮೈದಾನ ಉಳಿದಿದ್ದರೆ ನೇರ ಇಳಿಯುವುದು, ಎತ್ತರ ಸಾಕಷ್ಟಿದ್ದರೆ ಸಣ್ಣ ಸುತ್ತು ಹಾಕಿ ಬರುವುದು. ಇದು ಕೈಗೆ ಕೂಡುವ ತನಕ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ ಅವ್ವ.