ಕೆಡವುವ ಮೊದಲು ಒಂದು ಮಾತು ಕೇಳಬೇಕಿತ್ತು

ಮೆಲ್ಬರ್ನ್‌ನಲ್ಲಿ 57ನೇ ನಂಬರ್ ಟ್ರಾಮ್ ರೇಸ್‌ಕೋರ್ಸ್ ರಸ್ತೆಗೆ ಬಂದಾಗ 20 ಮಹಡಿಯ ಕಾಂಕ್ರೀಟ್ ಕಟ್ಟಡಗಳು ಕಾಣುತ್ತವೆ. ಫ್ಲೆಮಿಂಗ್ಟನ್ ಟವರ್‌ಗಳು. 1960ರ ದಶಕದಲ್ಲಿ ಸರ್ಕಾರವೇ ಕಟ್ಟಿಸಿದ ಬಾಡಿಗೆ ಮನೆಗಳು. ನಮ್ಮೂರ ಸ್ಲಂ ಬೋರ್ಡ್ ಮನೆಗಳಿಗೆ ಕೊಡುವ ಹಾಗೆ ಇಲ್ಲಿ ಹಕ್ಕುಪತ್ರ ಕೊಡುವುದಿಲ್ಲ. ಆದಾಯದ ಕಾಲು ಭಾಗದಷ್ಟು ಬಾಡಿಗೆ ಕಟ್ಟಿಕೊಂಡು, ಬೇಕಾದಷ್ಟು ವರ್ಷ ಇರಬಹುದು ಎಂಬ ನಂಬಿಕೆಯಲ್ಲಿ ಜನ ಬದುಕುತ್ತಾರೆ. ಸೊಮಾಲಿಯಾ, ಎರಿಟ್ರಿಯಾ, ವಿಯೆಟ್ನಾಂ ಬಿಟ್ಟು ಬಂದವರು ಜಾಸ್ತಿ.

2023ರ ಸೆಪ್ಟೆಂಬರ್‌ನಲ್ಲಿ ವಿಕ್ಟೋರಿಯಾ ರಾಜ್ಯ ಸರ್ಕಾರ ನಗರದ ಇಂಥ 44 ಟವರ್‌ಗಳನ್ನೂ 2051ರ ಒಳಗೆ ಕೆಡವುವುದಾಗಿ ಹೇಳಿತು. ಅಲ್ಲಿರುವವರು ಸುಮಾರು 10,000 ಜನ. ನಿಮಗೇನು ಬೇಕು ಅಂತ ಅವರನ್ನು ಮೊದಲೇ ಯಾರೂ ಕೇಳಿರಲಿಲ್ಲ. ಸುದ್ದಿ ನೋಡಿಯೇ ಎಷ್ಟೋ ಜನಕ್ಕೆ ಗೊತ್ತಾಯಿತು.

ಕಟ್ಟಡ ಹಳೆಯದಾಗಿದೆ, ನಿಜ. ಬೇಸಿಗೆಯಲ್ಲಿ ಒಳಗೆ ಕೂರಲು ಆಗುವುದಿಲ್ಲ, ಲಿಫ್ಟ್ ಕೆಡುತ್ತದೆ. ಹಾಗಂತ ಎಲ್ಲವನ್ನೂ ಕೆಡವಲೇಬೇಕಾ? ಜನರನ್ನು ಅಲ್ಲೇ ಇರಿಸಿಕೊಂಡು ರಿಪೇರಿ ಮಾಡಬಹುದು ಅಂತ ಇಲ್ಲಿಯ ವಾಸ್ತುಶಿಲ್ಪಿಗಳ ತಂಡವೊಂದು ಫ್ಲೆಮಿಂಗ್ಟನ್‌ಗೇ ಯೋಜನೆ ಮಾಡಿ ತೋರಿಸಿದೆ. ಸರ್ಕಾರದ ಲೆಕ್ಕದಲ್ಲಿ ಇದೇ ಜಾಗಗಳಲ್ಲಿ ಮುಂದೆ 30,000 ಜನ ಇರುತ್ತಾರೆ. ಬಡವರಿಗೆ ಸಿಗುವ ಮನೆಗಳು ಮಾತ್ರ ಶೇಕಡ 10ರಷ್ಟೇ ಹೆಚ್ಚಾಗುತ್ತವೆ. ನನಗೆ ಸಿಟ್ಟು ಬರುವುದು ಇಲ್ಲೇ.

ವಾಪಸ್ ಬರುವ ಹಕ್ಕು ಇದೆ ಅನ್ನುತ್ತಾರೆ. ಕಟ್ಟಿ ಮುಗಿಸಲು ವರ್ಷಗಳೇ ಬೇಕು. ಅಷ್ಟರಲ್ಲಿ ಮಕ್ಕಳ ಶಾಲೆ ಬದಲಾಗಿರುತ್ತದೆ. ವಯಸ್ಸಾದವರು ಮತ್ತೊಮ್ಮೆ ಗಂಟುಮೂಟೆ ಕಟ್ಟುವ ಸ್ಥಿತಿಯಲ್ಲಿ ಇರುತ್ತಾರಾ?

ಅಕ್ಕಪಕ್ಕದವರು ಅಂದರೆ ಏನು ಅಂತ ನಾನು ಕಂಡಿದ್ದು 2020ರ ಜುಲೈನಲ್ಲಿ. ಕೋವಿಡ್ ಹೆಸರಲ್ಲಿ ಒಂಬತ್ತು ಟವರ್‌ಗಳನ್ನು ಮುನ್ಸೂಚನೆ ಇಲ್ಲದೆ ಮುಚ್ಚಿದರು. ಸುಮಾರು 3,000 ಜನ ಒಳಗೆ, ಬಾಗಿಲಲ್ಲಿ ಪೊಲೀಸರು. ಆಲ್ಫ್ರೆಡ್ ಸ್ಟ್ರೀಟಿನ 33ನೇ ನಂಬರ್ ಟವರ್‌ನವರು 14 ದಿನ ಹೊರಗೆ ಬರಲಿಲ್ಲ. ಆಗ ಊಟ, ಔಷಧಿ, ಮಕ್ಕಳ ಹಾಲಿಗೆ ಓಡಾಡಿದ್ದು ಅದೇ ಸಮುದಾಯದ ಹುಡುಗ ಹುಡುಗಿಯರು. ಇದು ಮಾನವ ಹಕ್ಕಿನ ಉಲ್ಲಂಘನೆ ಅಂತ ಸರ್ಕಾರದ ಮೇಲಿನ ದೂರು ವಿಚಾರಿಸುವ ರಾಜ್ಯದ ಒಂಬುಡ್ಸ್‌ಮನ್ ಆಮೇಲೆ ಹೇಳಿದರು. ಈಗ ಮೊದಲು ಕೆಡವುವ ಐದರಲ್ಲಿ ಅದೇ 33ನೇ ನಂಬರ್ ಕೂಡ ಇದೆ.

ನಿವಾಸಿಗಳು ಸುಮ್ನೆ ಕೂರಲಿಲ್ಲ. ಒಟ್ಟಾಗಿ ಸುಪ್ರೀಂ ಕೋರ್ಟಿಗೆ ಹೋದರು. (ಇಲ್ಲಿ ರಾಜ್ಯದ ಹೈಕೋರ್ಟಿಗೇ ಆ ಹೆಸರು.) 2025ರ ಏಪ್ರಿಲ್‌ನಲ್ಲಿ ಕೇಸು ವಜಾ ಆಯಿತು. ಅವರು ಮೇಲ್ಮನವಿ ಹಾಕಿದರು.

ಟ್ರಾಮಿನಲ್ಲಿ ಪರಿಚಯವಾದ ಎರಿಟ್ರಿಯಾದ ಅಮ್ಮ ಒಬ್ಬರಿದ್ದಾರೆ. ಟವರ್ ಕೆಳಗಿನ ತೋಟದಲ್ಲಿ ಬೆಳೆದ ಸೊಪ್ಪು ನನಗೂ ಒಂದು ಹಿಡಿ ಕೊಡುತ್ತಾರೆ. ಅವರಿಗೆ ಸ್ಥಳಾಂತರದ ಫಾರಂ ಬಂದಿತ್ತು. ಇಂಗ್ಲಿಷ್ ಓದಲು ಕಷ್ಟ, ತುಂಬಿಕೊಡು ಅಂದರು. ಯಾವ ಏರಿಯಾದಲ್ಲಿ ಮನೆ ಬೇಕು ಅಂತ ಅದರಲ್ಲಿ ಕೇಳಿದ್ದರು. ಅವರು ಕಿಟಕಿ ಕಡೆ ಕೈ ತೋರಿಸಿ, "ಇಲ್ಲೇ ಅಂತ ಬರಿ" ಅಂದರು. ಫ್ಲೆಮಿಂಗ್ಟನ್ ಅಂತ ಬರೆದೆ. ಎರಡನೇ ಆಯ್ಕೆಗೂ ಜಾಗ ಬಿಟ್ಟಿದ್ದರು. ಅಲ್ಲೂ ಅದನ್ನೇ ಬರೆಸಿದರು.