ಕೆಡವದೆ ಉಳಿಸಿದ ಹೋಟೆಲು: ಮಾಯೆಬಾಶಿಯಲ್ಲಿ ಒಂದು ರಾತ್ರಿ

ಊರಿನಿಂದ ಜಪಾನಿಗೆ ಬರುವವರು ನನಗೆ ಕಳಿಸುವ ಪಟ್ಟಿಯಲ್ಲಿ ಟೋಕಿಯೊ, ಕ್ಯೋಟೊ, ಫ್ಯೂಜಿ ಬೆಟ್ಟ ಇದ್ದೇ ಇರುತ್ತವೆ. ಮಕ್ಕಳಿದ್ದರೆ ಡಿಸ್ನಿಲ್ಯಾಂಡ್. ಆ ಪಟ್ಟಿಗೆ ನಾನು ಈಗ ತಪ್ಪದೆ ಇನ್ನೊಂದು ಹೆಸರು ಸೇರಿಸುತ್ತೇನೆ: ಮಾಯೆಬಾಶಿ. ಅಲ್ಲಿ ಏನಿದೆ ಅಂತ ಕೇಳುತ್ತಾರೆ. ಶಿರೋಯಿಯಾ ಅಂತ ಒಂದು ಹೋಟೆಲಿದೆ, ಒಂದು ರಾತ್ರಿ ಅಲ್ಲಿ ಉಳಿಯಿರಿ ಅನ್ನುತ್ತೇನೆ. ಒಂದು ಹೋಟೆಲು ನೋಡೋಕೆ ಒಂದು ಊರಿಗೆ ಹೋಗೋದಾ? ಹೌದು. ಬರೀ ಅದಕ್ಕೇ ಹೋದರೂ ಸರಿ.

ಮಾಯೆಬಾಶಿ ಗುನ್ಮಾ ಪ್ರಾಂತ್ಯದ ರಾಜಧಾನಿ. ಟೋಕಿಯೊದಿಂದ ವಾಯುವ್ಯಕ್ಕೆ ಸುಮಾರು ನೂರು ಕಿಲೋಮೀಟರ್. ರಾಜಧಾನಿಯಾದರೂ ಬುಲೆಟ್ ರೈಲು ಅಲ್ಲಿಗೆ ಹೋಗುವುದಿಲ್ಲ. ಪಕ್ಕದ ತಾಕಸಾಕಿಯಲ್ಲಿ ಇಳಿಯಬೇಕು. ಟೋಕಿಯೊದಿಂದ ಅಲ್ಲಿಗೆ ಸುಮಾರು 50 ನಿಮಿಷ. ಆಮೇಲೆ ರ್‍ಯೋಮೊ ಲೈನಿನ ಲೋಕಲ್ ರೈಲಿನಲ್ಲಿ ಇನ್ನೊಂದು ಕಾಲು ಗಂಟೆ. ಚಳಿಗಾಲದಲ್ಲಿ ಹೋದರೆ ಸ್ಟೇಷನ್ನಿನಿಂದ ಹೊರಗೆ ಬಂದ ಕೂಡಲೇ ಅಕಾಗಿ ಬೆಟ್ಟದ ಕಡೆಯಿಂದ ಒಣ ಗಾಳಿ ಮುಖಕ್ಕೆ ರಾಚುತ್ತದೆ. ಗುನ್ಮಾದ ಗಾಳಿಯೂ ಗುನ್ಮಾದ ಹೆಂಗಸರೂ ಜೋರು ಅಂತ ಜಪಾನಿನಲ್ಲಿ ಹಳೆಯ ಮಾತೇ ಇದೆ. ಹೆಂಗಸರು ಜೋರಾಗಿದ್ದಕ್ಕೆ ಕಾರಣ ರೇಷ್ಮೆ. ಹುಳು ಸಾಕುವುದು, ನೂಲು ತೆಗೆಯುವುದು, ನೇಯುವುದು, ಹೆಚ್ಚಿನದೆಲ್ಲ ಅವರ ಕೈಕೆಲಸ. ಮನೆಗೆ ದುಡ್ಡು ತರುವವರ ಮಾತು ಮನೆಯಲ್ಲಿ ನಡೆಯುತ್ತದೆ, ಅಲ್ವಾ?

ರೇಷ್ಮೆ ಅಂದ ಕೂಡಲೇ ನನಗೆ ಈ ಊರು ಹತ್ತಿರವಾಯಿತು. ನಾನು ಶಿಡ್ಲಘಟ್ಟದವಳು. ನಮ್ಮ ತಾತ ನೂಲು ಬಿಚ್ಚಾಣಿಕೆ ಮಾಡುತ್ತಿದ್ದರು. ಗೂಡಿನ ಮಾರುಕಟ್ಟೆಯ ಗಲಾಟೆ, ಬೇಯುವ ಗೂಡಿನ ವಾಸನೆ, ನೀರಿನಲ್ಲಿ ನೆನೆದು ಬಿಳಿಚಿಕೊಂಡ ಬೆರಳುಗಳು, ಇದೆಲ್ಲ ನೋಡಿಕೊಂಡೇ ಬೆಳೆದೆ. ಮಾಯೆಬಾಶಿ ಒಂದು ಕಾಲಕ್ಕೆ ಇಂಥದ್ದೇ ಊರು. ಜಪಾನಿನ ಮೊದಲ ಯಂತ್ರದ ರೇಷ್ಮೆ ಗಿರಣಿ ಶುರುವಾಗಿದ್ದು ಇಲ್ಲೇ, 1870ರಲ್ಲಿ. ಊರಿನ ನಡುವೆ ಹರಿಯುವ ಹಿರೋಸೆ ನದಿಯ ನೀರಿನಿಂದ ನೂಲಿನ ಯಂತ್ರದ ಚಕ್ರಗಳು ತಿರುಗುತ್ತಿದ್ದವು.

ಆಮೇಲೆ ಊರು ಎರಡು ಸಲ ಸೋತಿತು. 1945ರ ಆಗಸ್ಟ್ 5ರ ರಾತ್ರಿ ಅಮೆರಿಕದ ವಿಮಾನಗಳು ಬಾಂಬು ಹಾಕಿದವು. ಪೇಟೆಯ ಬಹುಭಾಗ ಸುಟ್ಟು ಹೋಯಿತು. ಇನ್ನು ಹತ್ತೇ ದಿನದಲ್ಲಿ ಜಪಾನ್ ಶರಣಾಗಿ ಯುದ್ಧ ಮುಗಿಯಲಿತ್ತು ಅನ್ನುವುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಎರಡನೆಯ ಸೋಲು ನಿಧಾನವಾಗಿ ಬಂತು. ರೇಷ್ಮೆಯ ವ್ಯಾಪಾರ ಇಳಿಯಿತು. ಜನ ಕಾರು ಕೊಂಡರು. ಊರಾಚೆ ದೊಡ್ಡ ಮಾಲ್‌ಗಳು ಬಂದವು. ನಡುಪೇಟೆಯ ಅಂಗಡಿಗಳು ಒಂದೊಂದಾಗಿ ಶಟರ್ ಎಳೆದವು. ಜಪಾನಿನ ಸಣ್ಣ ಊರುಗಳಲ್ಲಿ ಓಡಾಡಿದವರಿಗೆ ಇಂಥ ಬೀದಿಗಳು ಗೊತ್ತು. ಮೇಲೆ ಚಂದದ ಚಾವಣಿ, ಸಂಗೀತವೂ ಕೇಳಿಸುತ್ತಿರುತ್ತದೆ, ಆದರೆ ಒಳಗೆ ಜನವೇ ಇರುವುದಿಲ್ಲ.

ಶಿರೋಯಿಯಾದ ಕತೆಯೂ ಇದರ ಜೊತೆಗೇ ಸಾಗಿದೆ. ಅದು ಎಡೋ ಕಾಲದಿಂದ ನಡೆದುಕೊಂಡು ಬಂದ ವಸತಿಗೃಹ. ಮುನ್ನೂರು ವರ್ಷದ ಹೆಸರು. 1970ರ ದಶಕದಲ್ಲಿ ಹಳೆಯದನ್ನು ಬಿಟ್ಟು ನಾಲ್ಕು ಮಹಡಿಯ ಕಾಂಕ್ರೀಟ್ ಹೋಟೆಲಾಯಿತು. 2008ರಲ್ಲಿ ಬಾಗಿಲು ಹಾಕಿತು. ಖಾಲಿ ಕಟ್ಟಡ ಹಾಗೇ ನಿಂತಿತ್ತು. ಆಗ ಅದನ್ನು ಕೈಗೆ ತೆಗೆದುಕೊಂಡವರು ಹಿತೋಶಿ ತನಾಕಾ. ಜಪಾನಿನಲ್ಲಿ ಇರುವ ನಮಗೆಲ್ಲ ಗೊತ್ತಿರುವ ಜಿನ್ಸ್ ಕನ್ನಡಕದ ಕಂಪನಿ ಕಟ್ಟಿದವರು. ಅವರು ಹುಟ್ಟಿದ್ದು ಮಾಯೆಬಾಶಿಯಲ್ಲೇ. ಕಟ್ಟಡ ಮತ್ತೆ ಬಾಗಿಲು ತೆರೆಯೋಕೆ ಆರು ವರ್ಷ ಹಿಡಿಯಿತು. 2020ರ ಡಿಸೆಂಬರಿನಲ್ಲಿ, ಕೊರೋನಾ ನಡುವೆಯೇ, ಹೋಟೆಲು ಶುರುವಾಯಿತು.

ವಿನ್ಯಾಸ ವಾಸ್ತುಶಿಲ್ಪಿ ಸೋ ಫುಜಿಮೊಟೊ ಅವರದು. 2025ರ ಒಸಾಕಾ ಎಕ್ಸ್‌ಪೋಗೆ ಹೋದವರು ಅವರ ಕೆಲಸ ನೋಡಿರುತ್ತೀರಿ. ಸುತ್ತಳತೆ ಸುಮಾರು ಎರಡು ಕಿಲೋಮೀಟರ್ ಇದ್ದ ಆ ಮರದ ದೊಡ್ಡ ಉಂಗುರ ಅವರದ್ದೇ. ಇಲ್ಲಿ ಅವರು ಮಾಡಿದ್ದೇ ಬೇರೆ. ಇದ್ದ ಕಟ್ಟಡದ ಒಳಗನ್ನು ತೆಗೆದುಬಿಟ್ಟರು. ನಡುವಿನ ನೆಲಗಳನ್ನೆಲ್ಲ ಕತ್ತರಿಸಿ ಹಾಕಿದರು. ಕಂಬಗಳು, ತೊಲೆಗಳು ಮಾತ್ರ ಉಳಿದವು. ಅವುಗಳಿಗೆ ಗಾರೆಯನ್ನೂ ಹಚ್ಚಲಿಲ್ಲ, ಬಣ್ಣವನ್ನೂ ಬಳಿಯಲಿಲ್ಲ. ಹಳೆಯ ಕಾಂಕ್ರೀಟಿನ ಒರಟು ಮೈ ಹಾಗೇ ಕಾಣುತ್ತದೆ.

ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ನಾಲ್ಕು ಮಹಡಿಯಷ್ಟು ಎತ್ತರದ ಖಾಲಿ ಜಾಗ. ಮೇಲಿನಿಂದ ಬಿಸಿಲು ಇಳಿಯುತ್ತದೆ. ನಮ್ಮ ತೊಟ್ಟಿ ಮನೆಯ ಅಂಗಳದಲ್ಲಿ ನಿಂತು ತಲೆ ಎತ್ತಿದಾಗ ಆಗುವ ಅನುಭವವೇ ಇಲ್ಲೂ ಆಗುತ್ತದೆ. ಗಾಳಿಯಲ್ಲಿ ಅಡ್ಡಡ್ಡ ಹೋಗುವ ಮೆಟ್ಟಿಲುಗಳಿವೆ. ಅಲ್ಲಲ್ಲಿ ಗಿಡಗಳಿವೆ. ಹಳೆಯ ತೊಲೆಗಳ ನಡುವೆ ನುಸುಳಿಕೊಂಡು ಹೋಗುವ ಕೊಳವೆಗಳಿವೆ. ಮೊದಲು ನೋಡಿದಾಗ ಪ್ಲಂಬಿಂಗ್ ಪೈಪುಗಳು ಅಂತಲೇ ಅನ್ನಿಸಿತು. ಅವು ಪೈಪುಗಳಲ್ಲ. ಅರ್ಜೆಂಟೀನಾದ ಕಲಾವಿದ ಲಿಯಾಂಡ್ರೊ ಎರ್ಲಿಚ್ ಮಾಡಿದ ಕಲಾಕೃತಿ. ಕನಜಾವಾದ ಮ್ಯೂಸಿಯಮ್ಮಿನಲ್ಲಿ ಈಜುಕೊಳದ ತಳದಲ್ಲಿ ಜನ ಬಟ್ಟೆ ಒದ್ದೆಯಾಗದೆ ನಿಂತಿರುವ ಫೋಟೋ ನೋಡಿದ್ದೀರಲ್ಲ, ಅದೂ ಅವರದ್ದೇ. ಇಲ್ಲಿನ ಕೊಳವೆಗಳಲ್ಲಿ ನೀರಿಲ್ಲ, ಬೆಳಕಿದೆ. ಕತ್ತಲಾದ ಮೇಲೆ ಅವು ಹೊಳೆಯುತ್ತವೆ. ಬಣ್ಣ ಮೆಲ್ಲಗೆ ಬದಲಾಗುತ್ತದೆ. ಯಾವ ಕೊಳವೆ ಎಲ್ಲಿಗೆ ಹೋಗುತ್ತದೆ ಅಂತ ಹುಡುಕುತ್ತಾ ನಾನೂ ನನ್ನ ಗಂಡನೂ ಮೆಟ್ಟಿಲು ಹತ್ತಿದೆವು, ಇಳಿದೆವು. ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ನನ್ನ ಮನಸ್ಸಿಗೆ ಹಿಡಿದದ್ದು ಈ ಖಾಲಿ ಜಾಗವೇ. ಯೋಚನೆ ಮಾಡಿ. ಹೋಟೆಲಿನ ಸಂಪಾದನೆ ಬರುವುದು ರೂಮಿನಿಂದ. ಒಂದು ರೂಮು ಹೆಚ್ಚಾದರೆ ಒಂದು ರಾತ್ರಿಯ ಬಾಡಿಗೆ ಹೆಚ್ಚು. ಇವರು ಇದ್ದ ರೂಮುಗಳನ್ನೇ ತೆಗೆದು ಬಯಲು ಮಾಡಿದ್ದಾರೆ. ಹಳೆಯ ಕಟ್ಟಡ, ಹಿಂದಿನ ಹೊಸ ಭಾಗ ಎರಡೂ ಸೇರಿ ಈಗ ಇರುವುದು 25 ರೂಮು ಮಾತ್ರ. ಆ ಬಯಲಿನಲ್ಲಿ ಹೋಟೆಲಿನಲ್ಲಿ ಉಳಿಯದವರೂ ಬಂದು ಕೂರಬಹುದು. ಕಾಫಿ ಕುಡಿಯಬಹುದು, ಊಟ ಮಾಡಬಹುದು. ನಾವಿದ್ದಾಗ ಪಕ್ಕದ ಮೇಜಿನಲ್ಲಿ ಇಬ್ಬರು ಅಜ್ಜಿಯರು ಕೇಕ್ ತಿನ್ನುತ್ತಾ ಮಾತಾಡುತ್ತಿದ್ದರು. ಅವರು ಪ್ರವಾಸಿಗರಲ್ಲ, ಆ ಊರಿನವರೇ. ತಲೆಯ ಮೇಲೆ ತೂಗುವ ಕಲಾಕೃತಿಯ ಕಡೆ ಅವರ ಗಮನವೇ ಇರಲಿಲ್ಲ. ಅದು ಅವರಿಗೆ ಅಷ್ಟು ರೂಢಿಯಾಗಿದೆ. ನನಗೆ ಅದು ತುಂಬಾ ಖುಷಿ ಕೊಟ್ಟಿತು.

ಟೋಕಿಯೊದಲ್ಲೂ ಕಲೆಯ ಹೋಟೆಲುಗಳಿವೆ. ಶಿಯೋದೊಮೆಯ ಪಾರ್ಕ್ ಹೋಟೆಲಿನಲ್ಲಿ 31ನೇ ಮಹಡಿಯ ಒಂದೊಂದು ರೂಮನ್ನೂ ಒಬ್ಬೊಬ್ಬ ಕಲಾವಿದರು ಗೋಡೆಯ ಮೇಲೆಯೇ ಚಿತ್ರ ಬರೆದು ತುಂಬಿಸಿದ್ದಾರೆ. ಅದೂ ಚಂದವೇ. ಆದರೆ ಅಲ್ಲಿ ಕಲೆ ರೂಮಿನ ಒಳಗೆ, ಬಾಡಿಗೆ ಕೊಟ್ಟವರಿಗೆ. ಶಿರೋಯಿಯಾದಲ್ಲಿ ಅದು ಬೀದಿಗೂ ಇಳಿದಿದೆ. ಹೆದ್ದಾರಿಯ ಕಡೆಯ ಗೋಡೆಯ ಮೇಲೆ ಅಮೆರಿಕದ ಕಲಾವಿದ ಲಾರೆನ್ಸ್ ವೀನರ್ ಅವರ ದೊಡ್ಡ ದೊಡ್ಡ ಅಕ್ಷರಗಳಿವೆ. ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತವೆ. ರಿಸೆಪ್ಷನ್ನಿನ ಹಿಂದೆ ಹಿರೋಶಿ ಸುಗಿಮೊಟೊ ಅವರ ಸಮುದ್ರದ ಫೋಟೋ. ಮೇಲರ್ಧ ಆಕಾಶ, ಕೆಳಗರ್ಧ ನೀರು, ಬೇರೇನೂ ಇಲ್ಲ. ಪಾಸ್‌ಪೋರ್ಟ್ ತೋರಿಸಿ ಸಹಿ ಹಾಕುವ ಹೊತ್ತಿನಲ್ಲೂ ನೋಡಬಹುದು.

ಹಿಂದಿನ ಭಾಗ ಇನ್ನೂ ವಿಚಿತ್ರ. ಅದೊಂದು ಹುಲ್ಲು ಬೆಳೆದ ಗುಡ್ಡ. ಗುಡ್ಡದ ಒಳಗೆ ರೂಮುಗಳಿವೆ. ಮೇಲೆ ಹತ್ತೋಕೆ ದಾರಿಯಿದೆ. ತೋನೆ ನದಿಯ ಹಳೆಯ ದಡ ಈ ಜಾಗದಲ್ಲಿತ್ತು, ಅದನ್ನು ನೆನಪಿಸುವ ಹಾಗೆ ಈ ಗುಡ್ಡ ಮಾಡಿದ್ದಾರೆ. ತುದಿಯಲ್ಲಿ ಒಂದು ಪುಟ್ಟ ಬಿಳಿ ಗುಡಿಸಲು. ಅದರೊಳಗೆ ಕಲಾವಿದ ತತ್ಸುವೊ ಮಿಯಾಜಿಮಾ ಅವರ ಎಲ್‌ಇಡಿ ಅಂಕಿಗಳು ಬದಲಾಗುತ್ತಾ ಇರುತ್ತವೆ. ಅವರ ಕೃತಿಗಳಲ್ಲಿ ಅಂಕಿ 1ರಿಂದ 9ರವರೆಗೆ ಇರುತ್ತದೆ. ಸೊನ್ನೆ ಬರುವುದಿಲ್ಲ. ಸೊನ್ನೆಯ ಹೊತ್ತಿಗೆ ಬೆಳಕು ಆರಿ ಕತ್ತಲಾಗುತ್ತದೆ, ಆಮೇಲೆ ಎಣಿಕೆ ಮತ್ತೆ ಶುರು. ಹುಟ್ಟು ಸಾವಿನ ಬಗ್ಗೆ ಬೌದ್ಧರ ಯೋಚನೆ ಇದರ ಹಿಂದಿದೆ. ಬೆಟ್ಟದ ಗಾಳಿಗೆ ನಡುಗುತ್ತಲೇ ನಾವು ಅಲ್ಲಿ ಬಹಳ ಹೊತ್ತು ನಿಂತೆವು.

ಇನ್ನು ರೂಮುಗಳು. ನಾಲ್ಕು ವಿಶೇಷ ರೂಮುಗಳನ್ನು ನಾಲ್ವರು ಮಾಡಿದ್ದಾರೆ. ಎರ್ಲಿಚ್ ರೂಮಿನಲ್ಲಿ ಹಿತ್ತಾಳೆ ಬಣ್ಣದ ಕೊಳವೆಗಳು ಹಾಸಿಗೆಯ ಸುತ್ತ ಓಡಾಡುತ್ತವೆ. ಇಟಲಿಯ ಮಿಕೆಲೆ ಡಿ ಲುಕ್ಕಿ ತಮ್ಮ ರೂಮಿನ ಗೋಡೆಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಸಣ್ಣ ಮರದ ಹಲಗೆ ಹೊದಿಸಿದ್ದಾರೆ. ಜಪಾನಿನ ಹಳೆಯ ಮನೆಗಳ ಹಲಗೆ ಸೂರು ನೋಡಿ ಹೊಳೆದದ್ದಂತೆ. ಇಂಗ್ಲೆಂಡಿನ ಜಾಸ್ಪರ್ ಮಾರಿಸನ್ ಅವರದು ನೆಲ, ಗೋಡೆ, ಚಾವಣಿ ಎಲ್ಲ ಮರವೇ. ಇನ್ನೊಂದು ಫುಜಿಮೊಟೊ ಅವರದ್ದೇ. ಇವುಗಳ ಬಾಡಿಗೆ ಜಾಸ್ತಿ. ನಾವು ಉಳಿದದ್ದು ಹಳೆಯ ಕಟ್ಟಡದ ಸಾಮಾನ್ಯ ರೂಮಿನಲ್ಲಿ. ಅದಕ್ಕೂ ಒಂದು ಕಲಾಕೃತಿ ಇರುತ್ತದೆ. ಗುನ್ಮಾಕ್ಕೆ ನಂಟಿರುವ ಹಲವು ಕಲಾವಿದರ ಕೃತಿಗಳು ಈ ರೂಮುಗಳಲ್ಲಿವೆ. ನನ್ನ ಸಲಹೆ ಕೇಳಿದರೆ ದುಬಾರಿ ರೂಮು ಬೇಕಾಗಿಲ್ಲ. ನೋಡಬೇಕಾದ್ದೆಲ್ಲ ಬಾಗಿಲ ಹೊರಗೇ ಇದೆ.

ಊಟದ ವಿಷಯ ಸಸ್ಯಾಹಾರಿಗಳಿಗಾಗಿ ಹೇಳಲೇಬೇಕು. ಜಪಾನಿನ ಸಾರು, ನೂಡಲ್ಸ್ ಹೆಚ್ಚಿನದರ ಬುಡದಲ್ಲೂ ಮೀನಿನ ತಿಳಿ ಇರುತ್ತದೆ. ಆದ್ದರಿಂದ ಯಾವ ಹೋಟೆಲಿಗೇ ಆಗಲಿ, ಮೊದಲೇ ಬರೆದು ಕೇಳಿ. ಬೀದಿಯಲ್ಲಿ ಸಿಗುವ ಯಾಕಿಮಂಜು ಮಾತ್ರ ತಪ್ಪಿಸಬೇಡಿ. ಗೋಧಿ ಹಿಟ್ಟಿನ ಮೆತ್ತನೆಯ ಉಂಡೆಗಳನ್ನು ಬಿದಿರು ಕಡ್ಡಿಗೆ ಚುಚ್ಚಿ, ಸಿಹಿ ಮಿಸೋ (ಹುದುಗಿಸಿದ ಸೋಯಾ ಕಾಳಿನ ಗಟ್ಟಿ ಹಿಟ್ಟು) ಹಚ್ಚಿ, ಕೆಂಡದ ಮೇಲೆ ಸುಡುತ್ತಾರೆ. ಗುನ್ಮಾ ಗೋಧಿ ಬೆಳೆಯುವ ಸೀಮೆ, ಅದಕ್ಕೇ ಈ ತಿಂಡಿ. ಬಿಸಿ ಬಿಸಿಯಾಗಿಯೇ ತಿನ್ನಬೇಕು.

ಒಂದು ಹೋಟೆಲಿನಿಂದ ಊರು ಬದಲಾಗುತ್ತದಾ? ಒಂದರಿಂದ ಆಗಲಿಲ್ಲ. ಊರಿನ ಒಂದಷ್ಟು ಕಂಪನಿಗಳು ಸೇರಿ, ಪ್ರತಿ ವರ್ಷ ಲಾಭದ ಶೇ 1ರಷ್ಟನ್ನು ಊರಿಗಾಗಿ ಕೊಡುವ ಸಂಘ ಮಾಡಿಕೊಂಡಿವೆ. 2013ರಲ್ಲಿ ಖಾಲಿ ಬಿದ್ದಿದ್ದ ಮಳಿಗೆಯ ಕಟ್ಟಡದಲ್ಲಿ ಆರ್ಟ್ಸ್ ಮಾಯೆಬಾಶಿ ಅನ್ನುವ ಮ್ಯೂಸಿಯಂ ತೆರೆದಿತ್ತು. ಅಲ್ಲೂ ಹಳೆಯದನ್ನು ಕೆಡವಲಿಲ್ಲ. ಹೋಟೆಲಿನ ಸುತ್ತ ಈಗ ಪಾಸ್ತಾ ಅಂಗಡಿ, ಸಿಹಿ ಅಂಗಡಿ, ಕಾಫಿ ಅಂಗಡಿ ಕಾಣುತ್ತವೆ. ಎರಡು ಬೀದಿ ಆಚೆ ಹೋದರೆ ಮುಚ್ಚಿದ ಶಟರ್‌ಗಳು ಇನ್ನೂ ಇವೆ. ಅದನ್ನೂ ನೋಡಬೇಕು. ಕೆಲಸ ನಡೆಯುತ್ತಿರುವ ಊರು ಅದು, ಮುಗಿದ ಊರಲ್ಲ.

ನಮ್ಮ ಕಡೆಯ ಊರುಗಳ ನೆನಪಾಗದೆ ಇರುತ್ತದಾ? ಬಸ್‌ಸ್ಟ್ಯಾಂಡ್ ಎದುರಿನ ಹಳೆಯ ಲಾಡ್ಜು, ಮುಚ್ಚಿದ ಟಾಕೀಸು, ನಿಂತುಹೋದ ರೇಷ್ಮೆ ಕಾರ್ಖಾನೆ. ಅವುಗಳ ಮುಂದೆ ಹೋದರೆ ಸೈಟಿನ ರೇಟು ಮಾತ್ರ ಕೇಳುತ್ತೇವೆ. ಗೋಡೆಗಳ ಒಳಗೆ ಏನೆಲ್ಲ ಮಾಡಬಹುದು ಅಂತ ಕೇಳುವುದಿಲ್ಲ. ದುಡ್ಡಿಲ್ಲದೆ ಅಲ್ಲ. ಅಭಿರುಚಿ ಇಲ್ಲದೆಯೂ ಅಲ್ಲ. ಕೆಡವಿ ಕಟ್ಟಿದ್ದೇ ಹೊಸದು ಅನ್ನುವ ನಂಬಿಕೆ ಗಟ್ಟಿಯಾಗಿ ಕೂತಿದೆ. ಶಿರೋಯಿಯಾ ಕಟ್ಟಡ ಪುರಾತನವೇನಲ್ಲ. 1970ರ ದಶಕದ ಸಾದಾ ಕಾಂಕ್ರೀಟ್. ನಮ್ಮ ಪ್ರತಿ ತಾಲ್ಲೂಕಿನಲ್ಲೂ ಅಂಥದ್ದು ಹತ್ತಾದರೂ ಸಿಗುತ್ತವೆ. ಅದಕ್ಕೇ ಇದನ್ನು ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮಾಯೆಬಾಶಿಗೆ ಹೋದರೆ ಮಾರನೇ ದಿನವನ್ನು ತೊಮಿಯೊಕಾಗೆ ಇಟ್ಟುಕೊಳ್ಳಿ. ತಾಕಸಾಕಿಗೆ ವಾಪಸ್ ಬಂದು ಜೋಶಿನ್ ರೈಲು ಹತ್ತಬೇಕು. 1872ರಲ್ಲಿ ಸರ್ಕಾರ ಕಟ್ಟಿಸಿದ ರೇಷ್ಮೆ ಗಿರಣಿ ಅಲ್ಲಿದೆ. 2014ರಿಂದ ವಿಶ್ವ ಪರಂಪರೆಯ ತಾಣ. ಮರದ ಚೌಕಟ್ಟು, ನಡುವೆ ಇಟ್ಟಿಗೆ, ನೂರು ಮೀಟರಿಗೂ ಉದ್ದದ ಗೂಡಿನ ಉಗ್ರಾಣ. 1987ರವರೆಗೂ ಅಲ್ಲಿ ನೂಲು ತೆಗೆಯುತ್ತಿದ್ದರು. ಗಿರಣಿ ನಿಂತ ಮೇಲೆ ಅದರ ಮಾಲೀಕರಾದ ಕತಾಕುರಾ ಕಂಪನಿಯವರು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಅಂತ ತೀರ್ಮಾನಿಸಿ ಸ್ವಂತ ಖರ್ಚಿನಲ್ಲಿ ಕಾಪಾಡಿಕೊಂಡು ಬಂದರು. 2005ರಲ್ಲಿ ಊರಿಗೆ ಕೊಟ್ಟರು.

ನಮಗೂ ಜಪಾನಿನ ರೇಷ್ಮೆಗೂ ನಂಟು ಹಳೆಯದು. ಬೆಂಗಳೂರಿನಲ್ಲಿ ಟಾಟಾ ಸಿಲ್ಕ್ ಫಾರ್ಮ್ ಅಂತ ಬಡಾವಣೆಯ ಹೆಸರು ಈಗಲೂ ಇದೆಯಲ್ಲ, ಅಲ್ಲಿ ಜಮ್‌ಶೇಟ್‌ಜಿ ಟಾಟಾ ರೇಷ್ಮೆ ತೋಟ ಮಾಡಿ ಜಪಾನಿನ ಪರಿಣತರನ್ನು ಕರೆಸಿದ್ದರು. 1990ರ ದಶಕದಲ್ಲಿ ಜಪಾನಿನ ತಜ್ಞರು ಮೈಸೂರಿನ ಸಂಶೋಧನಾ ಸಂಸ್ಥೆಗೆ ಬಂದು, ನಮ್ಮ ವಿಜ್ಞಾನಿಗಳ ಜೊತೆ ಬಿಳಿ ಗೂಡು ಕಟ್ಟುವ ಬೈವೋಲ್ಟೀನ್ ರೇಷ್ಮೆಹುಳುವಿನ ತಳಿಗಳ ಮೇಲೆ ಕೆಲಸ ಮಾಡಿದರು. ನಮ್ಮ ಮಾರುಕಟ್ಟೆಯಲ್ಲಿ ಹಳದಿ ಗೂಡಿನ ರಾಶಿಯ ಪಕ್ಕ ಬಿಳಿ ಗೂಡು ಕಾಣೋಕೆ ಶುರುವಾದದ್ದರ ಹಿಂದೆ ಅವರ ಶ್ರಮವೂ ಇದೆ. ಅಪ್ಪ ಮುಂದಿನ ವಸಂತಕ್ಕೆ ನಮ್ಮಲ್ಲಿಗೆ ಬರುತ್ತಿದ್ದಾರೆ. ವಿಮಾನದಿಂದ ಇಳಿದು ಆಯಾಸ ಕಳೆದ ಮೇಲೆ ಮೊದಲು ತೊಮಿಯೊಕಾ, ಅಂದು ರಾತ್ರಿ ಶಿರೋಯಿಯಾ. ಟೋಕಿಯೊ ಆಮೇಲೆ ನೋಡಿದರಾಯಿತು. ಶಿಡ್ಲಘಟ್ಟ, ರಾಮನಗರ, ಕೊಳ್ಳೇಗಾಲದ ಕಡೆಯವರು ಯಾರಾದರೂ ಆ ಹೊತ್ತಿಗೆ ಇಲ್ಲಿರುವುದಾದರೆ ತಿಳಿಸಿ, ಒಟ್ಟಿಗೇ ಹೋಗೋಣ.